ಜೇತವನದ ಹೆಸರು: ಕ್ಯೋಟೋ ನಗರದ ಗಿಯೋನ್ ಕೇರಿಯೂ ಮಾರುಯಾಮಾ ಉದ್ಯಾನವೂ

ಜಪಾನಿನ ಪ್ರಾಚೀನ ರಾಜಧಾನಿಯಾದ ಕ್ಯೋಟೋ ನಗರವನ್ನು ನೋಡಹೋದವರು ಕಾಮೋ ನದಿಯ ಮೇಲಣ ಷಿಜೋ ಸೇತುವೆಯನ್ನು ದಾಟಿ ಪೂರ್ವಾಭಿಮುಖವಾಗಿ ನಡೆದರೆ, ಬಲಗಡೆಯಲ್ಲಿ ಮೊದಲು ಮಿನಾಮಿ-ಜಾ ಎಂಬ ನಾಟಕಶಾಲೆಯು ಕಾಣಿಸುತ್ತದೆ. ಅಲ್ಲಿಂದ ಮುಂದೆ ಎರಡು ಪಕ್ಕದಲ್ಲಿಯೂ ಅಂಗಡಿಗಳ ಸಾಲು. ಆ ಸಾಲುಗಳ ಹಿಂದೆ ಮರದ ಜಾಲರಿಯ ಮುಖಗಳುಳ್ಳ ಹಳೆಯ ಮನೆಗಳ ಇಕ್ಕಟ್ಟಾದ ಓಣಿಗಳು. ಅರ್ಧ ಕಿಲೋಮೀಟರಿನಷ್ಟು ನಡೆಯುವುದರೊಳಗೆ ಬೀದಿಯು ಮುಗಿದು, ಕಲ್ಲಿನ ಮೆಟ್ಟಿಲುಗಳ ಮೇಲೆ ಕೆಂಪು ಬಣ್ಣದ ದ್ವಾರಗೋಪುರವೊಂದು ಎದುರಾಗುತ್ತದೆ. ಇದು ಯಸಾಕಾ ದೇವಾಲಯದ ಪಶ್ಚಿಮದ್ವಾರ. ದೇವಾಲಯದ ಅಂಗಳವನ್ನು ಹಾದು ಹಿಂದಕ್ಕೆ ಹೋದರೆ, ಹಿಗಾಷಿಯಾಮಾ ಎಂಬ ಪೂರ್ವದ ಬೆಟ್ಟಗಳ ಬುಡದಲ್ಲಿ ಮಾರುಯಾಮಾ ಎಂಬ ಸಾರ್ವಜನಿಕ ಉದ್ಯಾನವಿರುವುದು. ನದಿಗೂ ದೇವಾಲಯಕ್ಕೂ ನಡುವೆ ಹಬ್ಬಿರುವ ಕೇರಿಗೆ ಗಿಯೋನ್ ಎಂದು ಹೆಸರು.

ಕೇರಿ, ಗುಡಿ, ತೋಟ ಈ ಮೂರೂ ಇಷ್ಟು ಸಮೀಪದಲ್ಲಿದ್ದರೂ, ಇವುಗಳ ಹೆಸರುಗಳನ್ನು ಕುರಿತು ಯೋಚಿಸಿದವರಿಗೆ ಒಂದು ವಿಚಿತ್ರವು ತೋರದೆ ಇರದು. ಗಿಯೋನ್ ಎಂಬುದು ಮೊದಲು ಆ ದೇವಾಲಯದ ಹೆಸರು. ಈಗ ದೇವಾಲಯಕ್ಕೆ ಅದು ಅಧಿಕೃತವಾಗಿ ಇಲ್ಲ. ಆ ಪದಕ್ಕೆ ಅರ್ಥವು ಉಪವನ ಎಂದು. ಆದರೆ ಪಕ್ಕದಲ್ಲಿರುವ ನಿಜವಾದ ಉಪವನಕ್ಕೂ ಆ ಹೆಸರು ಬರಲಿಲ್ಲ. ಗಾಯನ ನರ್ತನ ಪಾನಗೋಷ್ಠಿಗಳ ಕೇರಿಯೊಂದೇ ಅದನ್ನು ಉಳಿಸಿಕೊಂಡಿದೆ. ಹೀಗಾದುದು ಹೇಗೆ ಎಂಬುದನ್ನು ವಿಚಾರಿಸಹೊರಟರೆ, ಆ ನಗರದ ಸಾವಿರ ವರ್ಷಗಳ ಚರಿತ್ರೆಯಲ್ಲಿ ಒಂದು ಮುಖ್ಯವಾದ ಎಳೆಯೇ ಕೈಗೆ ಸಿಕ್ಕುವುದು. ಆ ಎಳೆಯ ಮೊದಲ ತುದಿಯು ನಮ್ಮ ದೇಶದಲ್ಲಿಯೇ ಇರುವುದರಿಂದ, ಈ ವಿಚಾರವು ನಮಗೆ ತೀರ ದೂರದ್ದೆಂದು ಹೇಳುವಂತಿಲ್ಲ.

ಅನಾಥಪಿಂಡಿಕನೆಂದು ಹೆಸರಾದ ಶ್ರಾವಸ್ತಿಯ ಶ್ರೇಷ್ಠಿ ಸುದತ್ತನು, ಬುದ್ಧನ ವಾಸಕ್ಕೆ ತಕ್ಕ ಸ್ಥಳವನ್ನು ಹುಡುಕುತ್ತ ಜೇತನೆಂಬ ರಾಜಕುಮಾರನ ಉಪವನವನ್ನು ಕಂಡು, ನೆಲವನ್ನೆಲ್ಲ ಹೊನ್ನಿನ ನಾಣ್ಯಗಳಿಂದ ಮುಚ್ಚಿ ಅದನ್ನು ಕೊಂಡನೆಂಬ ಕಥೆಯು ವಾಚಕರಿಗೆ ತಿಳಿದದ್ದೇ. ಭರ್ಹುತದ ಶಿಲಾವೇದಿಕೆಯಲ್ಲಿ, ಬಂಡಿಯಿಂದ ನಾಣ್ಯಗಳನ್ನಿಳಿಸಿ ನೆಲದ ಮೇಲೆ ಹಾಸುತ್ತಿರುವ ಚಿತ್ರವು ಶಾಸನಸಹಿತವಾಗಿ ಕೊರೆಯಲ್ಪಟ್ಟು, ಇಂದು ಕಲ್ಕತ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಚೀನಾದ ಭಾಷಾಂತರಕಾರರು ಈ ಸ್ಥಳವನ್ನು ‘ಜೇತನ ಮರಗಳು, ಅನಾಥರಿಗೆ ಅನ್ನವಿಕ್ಕಿದವನ ತೋಟ’ ಎಂಬರ್ಥದ ಉದ್ದವಾದ ಸಮಾಸದಿಂದ ಕರೆದರು. ಆ ಸಮಾಸದ ಮೊದಲಕ್ಷರವಾದ ಜೇತನ ಹೆಸರನ್ನೂ ಕೊನೆಯಕ್ಷರವಾದ ತೋಟ ಎಂಬುದನ್ನೂ ಮಾತ್ರ ತೆಗೆದುಕೊಂಡು ಸಂಕ್ಷೇಪಿಸಿದಾಗ ಎರಡು ಲಿಪಿಗಳ ಪದವೊಂದು ಉಂಟಾಯಿತು. ಅದನ್ನು ಜಪಾನಿನವರು ಉಚ್ಚರಿಸುವ ರೀತಿಯೇ ಗಿಯೋನ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಜೇತವನವೇ, ಬೇರೆಯಲ್ಲ.

ಈ ಹೆಸರು ಕ್ಯೋಟೋವಿನ ಗುಡಿಗೆ ಬಂದ ಬಗೆಯಲ್ಲಿ ಒಂದಕ್ಕಿಂತ ಹೆಚ್ಚು ಐತಿಹ್ಯಗಳುಂಟು. ಗುಡಿಯು 656ರಲ್ಲಿ ಕೊರಿಯಾದಿಂದ ಬಂದವನೊಬ್ಬನಿಂದ ಸ್ಥಾಪಿತವಾಯಿತೆಂದು ದೇವಾಲಯದ ಪರಂಪರೆಯು ಹೇಳುತ್ತದೆ. 876ರಲ್ಲಿ ಎನ್‌ನ್ಯೋ ಎಂಬ ಭಿಕ್ಷುವಿನಿಂದ ಎಂಬುದು ಇನ್ನೊಂದು ಪಕ್ಷ. ಆ ಶತಮಾನದಲ್ಲಿ ರಾಜ್ಯದ ಸರ್ವಾಧಿಕಾರವನ್ನು ವಹಿಸಿದ್ದ ಫುಜಿವಾರ ನೋ ಮೊತೊತ್ಸುನೆ (836–891) ತನ್ನ ಮನೆಯನ್ನೇ ಈ ದೇವರಿಗೆ ಒಪ್ಪಿಸಿದನೆಂದೂ, ಅವನ ದಾನವನ್ನು ಸುದತ್ತನ ದಾನಕ್ಕೆ ಹೋಲಿಸಿ ಸ್ಥಳಕ್ಕೆ ಗಿಯೋನ್ ಎಂದು ಕರೆದರೆಂದೂ ಒಂದು ಹೇಳಿಕೆಯಿದೆ. ಅಲ್ಲಿ ಪೂಜೆಗೊಳ್ಳುತ್ತಿದ್ದವನು ಗೋಜು ತೆನ್ನೋ, ಎಂದರೆ ಗೋಶಿರಸ್ಸಿನ ದೇವರಾಜ. ಅವನು ಜೇತವನದ ಕ್ಷೇತ್ರಪಾಲನೆಂದು ಜಪಾನಿನವರು ನಂಬಿದ್ದರು. ನಮ್ಮ ಬೌದ್ಧಗ್ರಂಥಗಳಲ್ಲಿ ಇಂತಹ ಕ್ಷೇತ್ರಪಾಲನು ಕಾಣಬರುವುದಿಲ್ಲ. ಅವನು ಪೂರ್ವ ಏಷ್ಯದಲ್ಲಿ ರೂಪುಗೊಂಡವನು. ಸ್ವದೇಶದ ದೇವತೆಯಾದ ಸುಸಾನೊ-ವೋ ಎಂಬವನೊಡನೆ ಅವನನ್ನು ಅಭೇದವಾಗಿ ಭಾವಿಸಿದ್ದರು. ಆದುದರಿಂದ ಆ ಸ್ಥಳವು ಬೌದ್ಧವಿಹಾರವೋ ಷಿಂತೋ ದೇಗುಲವೋ ಎಂಬ ಪ್ರಶ್ನೆಯನ್ನು ಸಾವಿರ ವರ್ಷಗಳ ಕಾಲ ಯಾರೂ ಕೇಳಲಿಲ್ಲ. ಅಲ್ಲಿ ಭಿಕ್ಷುಗಳೇ ಅರ್ಚಕರು. ಗೋಜು ತೆನ್ನೋ ಭೈಷಜ್ಯಗುರು ಬುದ್ಧನ ಅವತಾರವೆಂಬುದು ಅವರ ಸಿದ್ಧಾಂತ.

ಈ ದೇವರು ಸಾಂಕ್ರಾಮಿಕ ರೋಗಗಳ ಅಧಿಪತಿ. ರೋಗವನ್ನು ಕಳುಹಿಸುವವನೂ ಅವನೇ, ತಡೆಯುವವನೂ ಅವನೇ. ಕಥೆಯಲ್ಲಿ ಹೇಳುವಂತೆ, ಅವನು ಸಾಗರನೆಂಬ ನಾಗರಾಜನ ಮಗಳನ್ನು ವರಿಸಲು ದಕ್ಷಿಣಕ್ಕೆ ಹೋಗುವಾಗ ರಾತ್ರಿ ತಂಗಲು ಸ್ಥಳವನ್ನು ಕೇಳಿದನು. ಶ್ರೀಮಂತನಾದ ಕೊತನ್ ಎಂಬವನು ನಿರಾಕರಿಸಿದನು, ಬಡವನಾದ ಸೋಮಿನ್ ಎಂಬವನು ತನ್ನಲ್ಲಿದ್ದುದನ್ನೇ ಕೊಟ್ಟು ಸತ್ಕರಿಸಿದನು. ಸೋಮಿನನ ಸಂತಾನಕ್ಕೆ ರೋಗಭಯವಿಲ್ಲವೆಂಬುದು ದೇವರ ವರ. ಇಂದಿಗೂ ಜುಲೈ ತಿಂಗಳ ಉತ್ಸವಕಾಲದಲ್ಲಿ ಊರಿನವರು ತಮ್ಮ ಮನೆಯ ಬಾಗಿಲಿಗೆ ಕಟ್ಟುವ ಹುಲ್ಲಿನ ರಕ್ಷೆಯ ಮೇಲೆ, ತಾವು ಸೋಮಿನನ ವಂಶಸ್ಥರೆಂದು ಬರೆದಿರುತ್ತದೆ.

ಉತ್ಸವದ ಮೂಲವನ್ನು ಸಾಮಾನ್ಯವಾಗಿ 869ಕ್ಕೆ ಒಯ್ಯುತ್ತಾರೆ. ಆ ವರ್ಷ ರೋಗವು ಹಬ್ಬಿದಾಗ, ದೇಶದ 66 ಪ್ರಾಂತಗಳ ಲೆಕ್ಕದಲ್ಲಿ 66 ಭರ್ಜಿಗಳನ್ನು ನೆಟ್ಟು ದೇವರ ಪಲ್ಲಕ್ಕಿಯನ್ನು ಶಿನ್‌ಸೆನ್-ಎನ್ ಎಂಬ ಅರಮನೆಯ ಉದ್ಯಾನಕ್ಕೆ ಕೊಂಡೊಯ್ದರಂತೆ. ಇದು ದೇವಾಲಯದ ದಾಖಲೆಗಳ ಮಾತು. ರಾಜಾಜ್ಞೆಯಿಂದ 901ರಲ್ಲಿ ಮುಗಿದ ಅಧಿಕೃತ ಚರಿತ್ರೆಯಲ್ಲಿ ಸಿಕ್ಕುವುದು ಅದೇ ಉದ್ಯಾನದಲ್ಲಿ 863ರಲ್ಲಿ ನಡೆದ ಪ್ರೇತಶಾಂತಿಯ ವಿವರ. ಎರಡರಲ್ಲಿ ಯಾವುದನ್ನು ಹಿಡಿದರೂ, ರೋಗಶಾಂತಿಗಾಗಿ ಜನರೆಲ್ಲರೂ ಒಂದು ತೋಟದಲ್ಲಿ ಕೂಡಿ ಕುಣಿತ ಹಾಡು ಆಟಗಳಿಂದ ಕುಪಿತವಾದ ಶಕ್ತಿಗಳನ್ನು ರಂಜಿಸುತ್ತಿದ್ದರು ಎಂಬುದು ನಿಶ್ಚಯ. ವಿನೋದವು ಇಲ್ಲಿ ಪೂಜೆಯ ಅಂಗವೇ ಆಗಿದ್ದಿತು. ಅದನ್ನು ಮರೆತರೆ ಮುಂದಿನ ಚರಿತ್ರೆಯು ಅರ್ಥವಾಗದು. ಓನಿನ್ ಯುದ್ಧದಲ್ಲಿ (1467–77) ನಗರವು ಸುಟ್ಟು ಉತ್ಸವವು ನಿಂತಿತು; 1500ರಲ್ಲಿ ಪಟ್ಟಣಿಗರು ಅದನ್ನು ಮತ್ತೆ ಎತ್ತಿದರು. 1533ರಲ್ಲಿ ಅಧಿಕಾರಿಗಳು ದೇವರ ಉತ್ಸವವನ್ನು ತಡೆದಾಗ, ದೇವಕಾರ್ಯವು ನಡೆಯದಿದ್ದರೆ ಬೇಡ, ನಮ್ಮ ರಥಗಳನ್ನಾದರೂ ಎಳೆಯುತ್ತೇವೆ ಎಂಬ ಅರ್ಥದ ಬಿನ್ನಹವನ್ನು ಅವರು ಸಲ್ಲಿಸಿದುದು ಪ್ರಸಿದ್ಧವಾಗಿದೆ.

ರಥಗಳ ಮಾತು ಬಂದುದರಿಂದ, ಪ್ರಕೃತಕ್ಕೆ ಸ್ವಲ್ಪ ಹೊರಗಾದರೂ, ಒಂದು ವಿಷಯವನ್ನು ಇಲ್ಲಿ ಸೇರಿಸುತ್ತೇನೆ. ಆ ರಥಗಳು ನದಿಯ ಪಶ್ಚಿಮಕ್ಕಿರುವ ವರ್ತಕರ ಕೇರಿಗಳಿಗೆ ಸೇರಿದವು. ಅವುಗಳ ಪಕ್ಕಗಳಿಗೆ ಹೊದಿಸುವ ಬೆಲೆಬಾಳುವ ವಸ್ತ್ರಗಳಲ್ಲಿ ಯೂರೋಪಿನ ಚಿತ್ರಗಂಬಳಿಗಳೂ ಭಾರತದ ರತ್ನಗಂಬಳಿಗಳೂ ಉಂಟು. ಹದಿನೇಳು ಹದಿನೆಂಟನೆಯ ಶತಮಾನಗಳ ಈ ಭಾರತೀಯ ಕಂಬಳಿಗಳಲ್ಲಿ ಹಲವನ್ನು, ನೇಯ್ಗೆಯ ರೀತಿಯನ್ನೂ ಬಣ್ಣಗಳನ್ನೂ ಪರೀಕ್ಷಿಸಿದ ವಿದ್ವಾಂಸರು ದಖ್ಖನ್ ಪ್ರದೇಶದವೆಂದು ನಿರ್ಣಯಿಸಿದ್ದಾರೆ. ಡಚ್ಚರ ಹಡಗುಗಳು ಅವನ್ನು ನಾಗಸಾಕಿಗೆ ಒಯ್ದವು. ನಮ್ಮಲ್ಲಿ ಕಾಲಿನ ಕೆಳಗೆ ಸವೆದುಹೋದ ಇಂಥ ವಸ್ತುಗಳು ಅಲ್ಲಿ ದೇವರ ರಥಕ್ಕೆ ಅಲಂಕಾರವಾಗಿ ವರ್ಷಕ್ಕೊಮ್ಮೆ ಮಾತ್ರ ಬಿಸಿಲನ್ನು ಕಂಡು ಉಳಿದಿರುವುವು. ದಖ್ಖನಿನ ನೇಯ್ಗೆಯ ಚರಿತ್ರೆಯನ್ನು ಬರೆಯುವವರು ಕ್ಯೋಟೋವಿಗೆ ಹೋಗಿ ನೋಡಬೇಕಾದುದು ಅನಿವಾರ್ಯವಾಗಿದೆ.

ಇನ್ನು ಕೇರಿಯ ಚರಿತ್ರೆ. ಜಪಾನೀ ಭಾಷೆಯಲ್ಲಿ ಇಂತಹ ಸ್ಥಳಕ್ಕೆ ‘ಹನಮಾಚಿ’ ಎನ್ನುವರು. ಹೂವಿನ ಕೇರಿ ಎಂದು ಅದರ ಶಬ್ದಾರ್ಥ. ನಮ್ಮ ಚಂಪೂಕಾವ್ಯಗಳಲ್ಲಿ ಬರುವ ಸೂಳೆಗೇರಿಯ ವರ್ಣನೆಗಳನ್ನು ಓದಿದವರಿಗೆ ಕೂಡಲೆ ಆ ಪದವು ನೆನಪಾಗುವುದು ಸಹಜವಾದರೂ, ಅದನ್ನು ಇಲ್ಲಿ ಹಾಗೆಯೇ ಬಳಸುವುದು ಸರಿಯಲ್ಲ. ಕ್ಯೋಟೋವಿನಲ್ಲಿ ಸರಕಾರವು ಅಂಗೀಕರಿಸಿದ ವೇಶ್ಯಾವಾಟಿಯು ಬೇರೆಯೇ ಇದ್ದಿತು. ಅದು ನಗರದ ಪಶ್ಚಿಮಭಾಗದ ಶಿಮಬಾರಾ. ಗಿಯೋನ್ ಹುಟ್ಟಿದುದು ಚಹದ ಅಂಗಡಿಗಳಿಂದ. ದೇವರ ದರ್ಶನಕ್ಕೆ ಬಂದವರಿಗೆ ನೀರು, ಚಹ, ಬೇಯಿಸಿದ ಸೋಯಾಗಿಣ್ಣು ಇವನ್ನು ಕೊಡುವ ಮಳಿಗೆಗಳು ದೇವಾಲಯದ ಬಾಗಿಲುಗಳಲ್ಲಿ ಇದ್ದುವು. ದಕ್ಷಿಣದ್ವಾರದಲ್ಲಿ ಎದುರುಬದುರಾಗಿದ್ದ ‘ಎರಡು ಚಹದ ಮನೆಗಳು’ ಬಹಳ ಹೆಸರಾದವು. ಅವುಗಳಲ್ಲಿ ಒಂದರ ಉತ್ತರಾಧಿಕಾರಿಯಾದ ನಕಮುರಾ-ರೋ ಎಂಬ ಭೋಜನಶಾಲೆಯು ಅಲ್ಲಿಯೇ ನಡೆದುಬಂದಿದೆ.

ಆದರೆ ಗುಡಿಯಿಂದಲೇ ಕೇರಿಯು ಬೆಳೆಯಿತೆಂದು ಹೇಳುವುದು ಅರ್ಧಸತ್ಯ. ಇನ್ನೊಂದು ಬೇರು ನದಿಯ ದಡದಲ್ಲಿದೆ. ಕಾಮೋ ನದಿಯ ಮರಳಿನ ಬಯಲು ಯಾರಿಗೂ ಸೇರದ ನೆಲವಾಗಿ, ಆಟದವರಿಗೂ ಅಲೆಮಾರಿಗಳಿಗೂ ಆಶ್ರಯವಾಗಿದ್ದಿತು. ಹದಿನೇಳನೆಯ ಶತಮಾನದ ಆದಿಯಲ್ಲಿ ಒಕುನಿ ಎಂಬ ನರ್ತಕಿಯು ಈ ನಗರದಲ್ಲಿ ತೋರಿಸಿದ ಕುಣಿತದಿಂದಲೇ ಕಬುಕಿ ನಾಟಕವು ಉದಯಿಸಿತೆನ್ನುತ್ತಾರೆ. 1615ರಿಂದ 1624ರ ವರೆಗಿನ ಗೆನ್ನಾ ಯುಗದಲ್ಲಿ ಷಿಜೋ ದಡದಲ್ಲಿ ಏಳು ನಾಟಕಶಾಲೆಗಳಿಗೆ ಅಪ್ಪಣೆ ದೊರೆಯಿತು. ಮಿನಾಮಿ-ಜಾ ಅವುಗಳಲ್ಲಿ ಉಳಿದುಬಂದ ಒಂದೇ ಒಂದು. ಅದರ ಈಗಿನ ಕಟ್ಟಡವು 1929ರದು. 1670ರ ಸುಮಾರಿನಲ್ಲಿ ನದಿಗೆ ಕಲ್ಲಿನ ದಡವನ್ನು ಕಟ್ಟಿದ ಮೇಲೆ, ನೀರಿನ ಭಯವು ತಪ್ಪಿದ ನೆಲದಲ್ಲಿ ‘ಗಿಯೋನಿನ ಹೊರಗಣ ಆರು ಬೀದಿಗಳು’ ಎದ್ದುವು. ಅವುಗಳಲ್ಲಿ ಒಂದರ ಹೆಸರು ಬೆಂಜಾಯ್‌ತೆನ್ ಬೀದಿ. ಬೆಂಜಾಯ್‌ತೆನ್ ಎಂದರೆ ನಮ್ಮ ಸರಸ್ವತಿ. 1713ರ ಸುಮಾರಿಗೆ ‘ಒಳಗಣ ಆರು ಬೀದಿಗಳು’ ಸೇರಿಕೊಂಡುವು. 1732ರಲ್ಲಿ ಅಧಿಕಾರಿಗಳು ಇಲ್ಲಿಯ ಚಹದ ಮನೆಗಳಿಗೆ ಅನುಮತಿಯನ್ನು ಕೊಟ್ಟರು. ಹೀಗೆ ಪೂರ್ವದಿಂದ ದೇವರೂ ಪಶ್ಚಿಮದಿಂದ ನಾಟಕವೂ ಬಂದು ಕೂಡಿದೆಡೆಯಲ್ಲಿ ಈ ಕೇರಿಯು ನೆಲಸಿತು ಎಂದು ಹೇಳುವುದು ಉಚಿತವೆಂದು ತೋರುತ್ತದೆ.

ಈ ಚಹದ ಮನೆಗಳಲ್ಲಿ ಸಾಹಿತ್ಯದ ಚರಿತ್ರೆಗೆ ಸೇರಿದ ಮೂವರು ಹೆಂಗಸರಿದ್ದರು. ಕಾಜಿ ಎಂಬವಳು ಗುಡಿಯ ಬಳಿ ಅಂಗಡಿಯನ್ನಿಟ್ಟುಕೊಂಡು ವಾಕಾ ಛಂದಸ್ಸಿನ ಕವಿತೆಗಳನ್ನು ಬರೆಯುತ್ತಿದ್ದಳು. ಅವಳ ಸಂಗ್ರಹವು 1707ರಲ್ಲಿ ಅಚ್ಚಾಯಿತು. ಬಟ್ಟೆಗೆ ಬಣ್ಣಹಾಕುವ ಕಲೆಗೆ ತನ್ನ ಹೆಸರನ್ನೇ ಕೊಟ್ಟ ಮಿಯಾಜಾಕಿ ಯೂಜೆನ್ ಅದಕ್ಕೆ ಚಿತ್ರಗಳನ್ನು ಬರೆದನು. ಅವಳ ದತ್ತುಮಗಳು ಯುರಿ. ಅವಳ ಸಂಗ್ರಹವು 1727ರಲ್ಲಿ ಹೊರಬಂದಿತು. ಯುರಿಯ ಮಗಳು ಮಾಚಿ. ಇವಳು ಮಹಾಚಿತ್ರಕಾರನಾದ ಇಕೆ ನೋ ತಾಯಿಗಾ ಎಂಬವನನ್ನು ಮದುವೆಯಾಗಿ, ಗ್ಯೋಕುರನ್ ಎಂಬ ಹೆಸರಿನಿಂದ ತಾನೂ ಚಿತ್ರಕಾರಳಾಗಿ ಪ್ರಸಿದ್ಧಳಾದಳು, 1784ರಲ್ಲಿ ತೀರಿಕೊಂಡಳು. ದಂಪತಿಗಳು ವಾಸವಾಗಿದ್ದುದು ಗುಡಿಯ ಹಿಂದಣ ಮಕುಜು ಬಯಲಿನಲ್ಲಿ, ಎಂದರೆ ಇಂದಿನ ಮಾರುಯಾಮಾ ಉದ್ಯಾನದ ಪ್ರದೇಶದಲ್ಲಿ. ತಾಯಿ, ಮಗಳು, ಮೊಮ್ಮಗಳು ಈ ಮೂರು ತಲೆಮಾರಿನವರು ಪಂಡಿತರ ಮನೆಗಳಲ್ಲಿ ಹುಟ್ಟಿದವರಲ್ಲ. ದಾರಿಹೋಕರಿಗೆ ಚಹವನ್ನು ಕೊಡುತ್ತಿದ್ದವರು. ಗಿಯೋನನ್ನು ಬರಿಯ ಭೋಗದ ಸ್ಥಳವೆಂದು ತಳ್ಳಿಬಿಡುವ ಚರಿತ್ರಕಾರರು ಈ ಮೂವರನ್ನು ಮರೆತವರು.

ಕೇರಿಗೆ ದೇಶಾದ್ಯಂತ ಕೀರ್ತಿಯನ್ನು ತಂದುದು ಒಂದು ನಾಟಕ. ತಮ್ಮ ಪ್ರಭುವು 1701ರಲ್ಲಿ ಆತ್ಮಹತ್ಯದ ಶಿಕ್ಷೆಗೆ ಗುರಿಯಾದ ಮೇಲೆ, 47 ಮಂದಿ ಸೇವಕರು ಹಗೆ ತೀರಿಸಿಕೊಂಡ ಕಥೆಯನ್ನು 1748ರಲ್ಲಿ ಓಸಾಕಾದ ಗೊಂಬೆಯಾಟದವರು ರಂಗಕ್ಕೆ ತಂದರು. ಅದರ ಏಳನೆಯ ಅಂಕವು ಗಿಯೋನಿನ ಇಚಿರಿಕಿ ಎಂಬ ಚಹದ ಮನೆಯಲ್ಲಿ ನಡೆಯುತ್ತದೆ; ನಾಯಕನು ಶತ್ರುಗಳ ಕಣ್ಣಿಗೆ ಮಣ್ಣೆರಚಲು ಅಲ್ಲಿ ಕುಡುಕನಂತೆ ನಟಿಸುತ್ತಾನೆ. ಚರಿತ್ರೆಯ ನಾಯಕನಾದ ಓಯಿಷಿಯು ಕಾಲ ಕಳೆದುದು ಫುಷಿಮಿಯ ಕೇರಿಯಲ್ಲೆಂದು ಪ್ರತೀತಿಯಿದೆ. ಅವನನ್ನು ಗಿಯೋನಿಗೆ ಕರೆತಂದವರು ನಾಟಕಕಾರರು. ಆ ಮನೆಗೆ ಇಚಿರಿಕಿ ಎಂಬ ಹೆಸರೂ ನಾಟಕದಿಂದಲೇ ಬಂದಿತು. ‘ಹತ್ತು ಸಾವಿರ’ ಎಂಬರ್ಥದ ಲಿಪಿಯು ಆ ಮನೆಯ ನಿಜವಾದ ಹೆಸರಿನಲ್ಲಿ ಇದ್ದಿತು. ಅದನ್ನು ಒಡೆದು ‘ಒಂದು’, ‘ಬಲ’ ಎಂಬ ಎರಡು ಲಿಪಿಗಳನ್ನಾಗಿ ಮಾಡಿ ಮರೆಮಾಚಿದರು. ಜನರು ಕಲ್ಪಿತವಾದ ಹೆಸರನ್ನೇ ಹಿಡಿದರು, ಮನೆಯವರೂ ಅದನ್ನೇ ಒಪ್ಪಿದರು. ಪ್ರತಿವರ್ಷ ಮಾರ್ಚಿ 20ರಂದು ಆ ಮನೆಯಲ್ಲಿ ಓಯಿಷಿಯ ಪುಣ್ಯದಿನವನ್ನು ಆಚರಿಸುತ್ತಾರೆ. ಕಾವ್ಯವು ಚರಿತ್ರೆಯ ಸ್ಥಾನದಲ್ಲಿ ಕುಳಿತು, ಬಳಿಕ ತಾನೇ ಚರಿತ್ರೆಯಾಗುವ ಕ್ರಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ವಿರಳ.

ಕೇರಿಯ ಪೂರ್ವಕ್ಕೆ, ಬೆಟ್ಟದ ತಪ್ಪಲಿನಲ್ಲಿ, ಮಾರುಯಾಮಾ ಎಂದು ಕರೆಯಲ್ಪಡುತ್ತಿದ್ದುದು ಜಿ ಪಂಥದ ಅನ್ಯೋಜಿ ಎಂಬ ವಿಹಾರದ ಭೂಮಿ. ಆ ಪಂಥದವರು ಅಮಿತಾಭ ಬುದ್ಧನ ನಾಮವನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುತ್ತಿದ್ದರು. ಉಚ್ಚಾರಣೆಯಲ್ಲಿ ಅದು ‘ಅಮಿ’ ಎಂದು ಉಳಿಯಿತು. ಯಾ-ಅಮಿ, ಸಾ-ಅಮಿ ಮೊದಲಾದ ಆರು ಮಠಗಳು ಅಲ್ಲಿದ್ದುವು. ಎದೋ ಕಾಲದಲ್ಲಿ ಈ ಮಠಗಳು ತಮ್ಮ ಕೋಣೆಗಳನ್ನೂ ತೋಟಗಳನ್ನೂ ಔತಣಗಳಿಗೆ ಬಾಡಿಗೆಗೆ ಕೊಡತೊಡಗಿದುವು. ಕ್ರಮೇಣ ಭೋಜನಶಾಲೆಗಳೇ ಆದುವು. 1881ರಲ್ಲಿ ಯಾ-ಅಮಿಯು ಕ್ಯೋಟೋವಿನಲ್ಲಿ ಪಾಶ್ಚಾತ್ಯ ರೀತಿಯ ಮೊದಲ ಹೋಟಲಾಗಿ, 1906ರಲ್ಲಿ ಬೆಂಕಿಗೆ ಆಹುತಿಯಾಯಿತು. ಸಾ-ಅಮಿಯು ಮಾತ್ರ ಉಪಾಹಾರಗೃಹವಾಗಿ ಉಳಿಯಿತು. ಅಮಿತಾಭನ ನಾಮವನ್ನು ಹೊತ್ತ ಬಾಗಿಲಿನಲ್ಲಿ ಇಂದು ಊಟದ ಪಟ್ಟಿಯು ತೂಗುತ್ತಿರುವುದನ್ನು ಕಂಡು ಸಿಟ್ಟಾಗುವವರೂ ಇರಬಹುದು, ನಗುವವರೂ ಇರಬಹುದು. ಆದರೆ ಗುಡಿ, ಕೇರಿ, ತೋಟಗಳ ನಡುವೆ ಆ ಕಾಲದವರು ನಾವು ಇಂದು ಎಳೆಯುವ ಗೆರೆಗಳನ್ನು ಎಳೆದಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆ ಗೆರೆಗಳನ್ನು ಎಳೆದುದು ಮೇಜಿ ಸರಕಾರ. 1868ರಲ್ಲಿ ಹೊಸ ಸರಕಾರವು ದೇಶದ ದೇವತೆಗಳನ್ನು ಬುದ್ಧನಿಂದ ಬೇರ್ಪಡಿಸಬೇಕೆಂದು ಆಜ್ಞೆಮಾಡಿತು. ಬೌದ್ಧ ಪದಗಳನ್ನು ದೇವರ ಹೆಸರಿಗೆ ಬಳಸುವ ಗುಡಿಗಳ ಪ್ರಸ್ತಾಪವು ಬಂದೆಡೆಯಲ್ಲಿ ಆ ಆಜ್ಞೆಯು ಗೋಜು ತೆನ್ನೋ ಎಂಬ ಹೆಸರನ್ನು ಸ್ಪಷ್ಟವಾಗಿಯೇ ಉದಾಹರಿಸಿತು. ಕೆಲವೇ ವಾರಗಳಲ್ಲಿ ಗಿಯೋನ್ ಗುಡಿಗೆ, ಆ ಸೀಮೆಯ ಪ್ರಾಚೀನ ನಾಮವಾದ ಯಸಾಕಾ ಎಂಬುದು ಹೆಸರಾಯಿತು. ಗೋಶಿರಸ್ಸಿನ ದೇವರಾಜನು ದಾಖಲೆಗಳಿಂದ ಮರೆಯಾಗಿ ಸುಸಾನೊ-ವೋ ಮಾತ್ರ ಉಳಿದನು. ಭಿಕ್ಷುಗಳು ಕಾಷಾಯವನ್ನು ಬಿಟ್ಟರು. ಬೌದ್ಧ ವಿಗ್ರಹಗಳು ಬೇರೆ ವಿಹಾರಗಳಿಗೆ ಹೋದುವು. 1871ರಲ್ಲಿಯೂ 1875ರಲ್ಲಿಯೂ ಹೊರಟ ಆಜ್ಞೆಗಳಿಂದ ಗುಡಿ ವಿಹಾರಗಳ ಭೂಮಿಯ ಬಹುಭಾಗವು ಸರಕಾರಕ್ಕೆ ಸೇರಿತು. 1873ರ ಸರಕಾರಿ ಆದೇಶವೊಂದು, ಜನರು ಹಿಂದಿನಿಂದಲೂ ಸೇರಿ ವಿನೋದಿಸುತ್ತಿದ್ದ ಸ್ಥಳಗಳನ್ನು ಸಾರ್ವಜನಿಕ ಉದ್ಯಾನಗಳನ್ನಾಗಿ ಮಾಡತಕ್ಕದ್ದೆಂದು ವಿಧಿಸಿತು. ಇದರಂತೆ ಗಿಯೋನ್ ಗುಡಿಯ ಮತ್ತು ನೆರೆಯ ವಿಹಾರಗಳ ಭೂಮಿಯಲ್ಲಿ 1886ರಲ್ಲಿ ಮಾರುಯಾಮಾ ಉದ್ಯಾನವು ಸ್ಥಾಪಿತವಾಯಿತು. ಕ್ಯೋಟೋವಿನ ಸಾರ್ವಜನಿಕ ಉದ್ಯಾನಗಳಲ್ಲಿ ಇದೇ ಮೊದಲನೆಯದು.

ಇದರಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಸರಕಾರದ ಕತ್ತರಿಯು ಹೆಸರನ್ನು ಗುಡಿಯಿಂದ ಕತ್ತರಿಸಿತು, ಆದರೆ ಕೇರಿಯನ್ನು ಮುಟ್ಟಲಿಲ್ಲ. ಚಹದ ಮನೆಗಳ ಬೀದಿಗೆ ಯಾವ ಧರ್ಮದ ಹೆಸರಿದ್ದರೇನು ಎಂಬ ತಾತ್ಸಾರವೇ ಇದಕ್ಕೆ ಕಾರಣವಾಗಿರಬೇಕು. ಪವಿತ್ರವಾದುದನ್ನು ಶುದ್ಧಿಗೊಳಿಸುವ ಉತ್ಸಾಹದಲ್ಲಿ ಅಪವಿತ್ರವೆಂದೆಣಿಸಿದುದನ್ನು ಅಲಕ್ಷಿಸಿದರು; ಆ ಅಲಕ್ಷ್ಯದ ನೆರಳಿನಲ್ಲಿ ಜೇತವನದ ಹೆಸರು ಬದುಕಿತು. ಉತ್ಸವದ ಹೆಸರನ್ನೂ ಜನರು ಬಿಟ್ಟುಕೊಡಲಿಲ್ಲ. ಗಿಯೋನ್ ಉತ್ಸವ ಎಂದೇ ಇಂದಿಗೂ ಕರೆಯುತ್ತಾರೆ.

ಕೇರಿಯನ್ನು ಸರಕಾರವು ಮುಟ್ಟಿದುದು ಬೇರೊಂದು ಕಡೆಯಲ್ಲಿ. 1872ರಲ್ಲಿ ಯೊಕೊಹಾಮಾ ಬಂದರಿನಲ್ಲಿ ನಿಂತಿದ್ದ ಪೆರು ದೇಶದ ಮರಿಯಾ ಲೂಜ್ ಎಂಬ ಹಡಗಿನಿಂದ ಚೀನೀಯ ಕೂಲಿಯೊಬ್ಬನು ತಪ್ಪಿಸಿಕೊಂಡು ಬಂದನು. ಜಪಾನಿನ ನ್ಯಾಯಾಲಯವು ಆ ಕೂಲಿಗಳನ್ನು ಬಿಡುಗಡೆಮಾಡಿತು. ಆಗ ಹಡಗಿನ ಪರವಾದ ವಕೀಲನು, ನಿಮ್ಮ ದೇಶದಲ್ಲಿಯೇ ಹೆಣ್ಣುಮಕ್ಕಳನ್ನು ಸಾಲಕ್ಕೆ ಮಾರುತ್ತೀರಲ್ಲವೆ ಎಂದು ವಾದಿಸಿದನು. ಅದೇ ವರ್ಷ ಸರಕಾರವು ವೇಶ್ಯೆಯರನ್ನೂ ಗಾಯನನರ್ತನದ ಹೆಂಗಸರನ್ನೂ ಒಪ್ಪಂದಗಳಿಂದ ಬಿಡಿಸುವ ಆಜ್ಞೆಯನ್ನು ಹೊರಡಿಸಿತು. ನ್ಯಾಯಶಾಖೆಯ ಪೂರಕ ಆದೇಶವು ಕೊಟ್ಟ ಕಾರಣವನ್ನು ಓದಿದರೆ ಮನಸ್ಸು ಕಲಕುತ್ತದೆ: ಇವರು ಮನುಷ್ಯರ ಹಕ್ಕುಗಳನ್ನು ಕಳೆದುಕೊಂಡು ದನಕುದುರೆಗಳಿಗೆ ಸಮಾನರಾಗಿದ್ದಾರೆ, ದನಕುದುರೆಗಳಿಂದ ಸಾಲವನ್ನು ಕೇಳುವುದು ನ್ಯಾಯವಲ್ಲ, ಆದುದರಿಂದ ಸಾಲವು ರದ್ದು. ಬಿಡುಗಡೆಯ ಶಾಸನದಲ್ಲಿಯೇ ಅವಮಾನವೂ ಅಡಗಿದ್ದಿತು. ಸ್ವಂತ ಇಚ್ಛೆಯಿಂದ ಎಂಬ ನೆಪದಲ್ಲಿ ಹಳೆಯ ಪದ್ಧತಿಯು ಬೇಗನೆ ಹಿಂದಿರುಗಿತು. ತಂದೆತಾಯಿಗಳಿಗೆ ಮುಂಗಡವಾಗಿ ಕೊಟ್ಟ ಹಣವನ್ನು ಹುಡುಗಿಯು ದುಡಿದು ತೀರಿಸುವ ಕ್ರಮವು ಮುಂದಿನ ಶತಮಾನದ ಮಧ್ಯದವರೆಗೂ ನಡೆಯಿತು. ವೇಶ್ಯಾವೃತ್ತಿಯನ್ನು ತಡೆಯುವ ಶಾಸನವು ಅಂಗೀಕೃತವಾದುದು 1956ರಲ್ಲಿ. ಪೂರ್ಣವಾಗಿ ಜಾರಿಗೆ ಬಂದುದು 1958ರಲ್ಲಿ. ಗಿಯೋನಿನ ಚೆಲುವನ್ನು ವರ್ಣಿಸುವವರು ಈ ಲೆಕ್ಕದ ಪುಸ್ತಕವನ್ನು ಮುಚ್ಚಿಡಬಾರದು. ಕಲೆಯೂ ನಿಜ, ಸಾಲವೂ ನಿಜ.

1872ರ ಆಜ್ಞೆಯ ಬಳಿಕ ಗಿಯೋನಿನಲ್ಲಿ ಒಂದು ವಿಶೇಷವಾದ ಸಂಸ್ಥೆಯು ಹುಟ್ಟಿತು. ಹೆಣ್ಣುಮಕ್ಕಳಿಗೆ ಹೊಲಿಗೆ, ನೇಯ್ಗೆ, ಓದುಬರಹಗಳನ್ನು ಕಲಿಸಿ ಬೇರೆ ಜೀವನೋಪಾಯವನ್ನು ಕಲ್ಪಿಸುವ ಉದ್ದೇಶದಿಂದ, ಇಚಿರಿಕಿಯ ಯಜಮಾನನಾದ ಸುಗಿಯುರಾ ಜಿರೋಎಮೋನ್ ಮೊದಲಾದವರು ‘ನ್ಯೋಕೋಬಾ’ ಎಂಬ ಕಾರ್ಯಶಾಲೆಯನ್ನು ಸ್ಥಾಪಿಸಿದರು. ಕೇರಿಯ ದಕ್ಷಿಣಕ್ಕಿರುವ ಕೆನ್ನಿಂಜಿ ಎಂಬ ಜೆನ್ ವಿಹಾರದಿಂದ ಸರಕಾರವು ಕಿತ್ತುಕೊಂಡಿದ್ದ ವಿಶಾಲವಾದ ಭೂಮಿಯನ್ನು ಕೇರಿಯವರು ಪಡೆದರು. ಹನಮಿಕೋಜಿ ಎಂಬ ಪ್ರಸಿದ್ಧವಾದ ಬೀದಿಯ ದಕ್ಷಿಣಭಾಗವು ಈ ನೆಲದ ಮೇಲಿದೆ. ಆ ಕಾರ್ಯಶಾಲೆಯ ಉತ್ತರಾಧಿಕಾರಿಯಾದ ವಿದ್ಯಾಸಂಸ್ಥೆಯು ಇಂದಿಗೂ ಅಲ್ಲಿಯ ಭೂಮಿಯ ಒಡೆತನವನ್ನು ಹೊಂದಿದ್ದು, ಗೇಯ್ಕೊಗಳಿಗೂ ಅವರ ಕಿರಿಯರಾದ ಮಾಯ್ಕೊಗಳಿಗೂ ನೃತ್ಯ, ಶಾಮಿಸೆನ್ ವಾದ್ಯ, ಚಹದ ವಿಧಿ ಇವನ್ನು ಕಲಿಸುತ್ತದೆ. ವೃತ್ತಿಯಿಂದ ಬಿಡಿಸಲು ಹುಟ್ಟಿದ ಶಾಲೆಯು ವೃತ್ತಿಯ ಆಧಾರಸ್ತಂಭವಾಯಿತು! ಆದರೆ ಬೀದಿಯ ಹಳೆಯ ಮನೆಗಳು ಬಹುಮಹಡಿಯ ಕಟ್ಟಡಗಳಾಗದೆ ಉಳಿದುದಕ್ಕೆ, ನೆಲವು ಹಲವರ ಕೈಗೆ ಹಂಚಿಹೋಗದೆ ಒಂದು ಶಾಲೆಯ ಕೈಯಲ್ಲಿದ್ದುದೇ ಪ್ರಬಲವಾದ ಕಾರಣವೆಂದು ನನ್ನ ಅಭಿಪ್ರಾಯ.

ಅದೇ 1872ರಲ್ಲಿ ‘ಮಿಯಾಕೊ ಓದೋರಿ’, ಎಂದರೆ ರಾಜಧಾನಿಯ ನೃತ್ಯ, ಪ್ರಾರಂಭವಾಯಿತು. ಚಕ್ರವರ್ತಿಯು 1869ರಲ್ಲಿ ಟೋಕಿಯೋವಿಗೆ ಹೋದ ಮೇಲೆ ಕ್ಯೋಟೋ ಹಾಳಾಗುವುದೆಂಬ ಭಯವಿದ್ದಿತು. ಅದನ್ನು ನೀಗಲು ಏರ್ಪಡಿಸಿದ ವಸ್ತುಪ್ರದರ್ಶನದ ಅಂಗವಾಗಿ, ಅಧಿಕಾರಿಯಾದ ಮಕಿಮುರಾ ಮಸನಾವೋ, ಮೇಲೆ ಹೇಳಿದ ಸುಗಿಯುರಾ, ಇನೋಉಎ ಸಂಪ್ರದಾಯದ ನೃತ್ಯಾಚಾರ್ಯೆಯಾದ ಕತಯಾಮಾ ಹರುಕೊ ಇವರು ಇದನ್ನು ರೂಪಿಸಿದರು. ಅದುವರೆಗೆ ಚಹದ ಮನೆಯ ಕೋಣೆಯಲ್ಲಿ ಕೆಲವರೇ ಕಾಣುತ್ತಿದ್ದ ನೃತ್ಯವು ಸಾಲುಗಟ್ಟಿ ರಂಗದ ಮೇಲೆ ಬಂದಿತು. ಪರದೇಶದವರೂ ಹಣ ಕೊಟ್ಟು ನೋಡುವಂತಾಯಿತು. ರಾಜಧಾನಿಯಾಗಿರುವಷ್ಟು ಕಾಲ ಇಲ್ಲದಿದ್ದ ‘ರಾಜಧಾನಿಯ ನೃತ್ಯ’ವು ರಾಜಧಾನಿಯು ಹೋದ ಮೇಲೆ ಹುಟ್ಟಿದುದು ವಿಚಾರಾರ್ಹವಾಗಿದೆ.

ಈ ಕೇರಿಯ ಮಾತುಗಳಲ್ಲಿ ಇನ್ನೂ ಕೆಲವು ನಮ್ಮವು. ಗೇಯ್ಕೊ ಒಬ್ಬಳ ಪೋಷಕನಾದ ಶ್ರೀಮಂತನಿಗೆ ‘ದನ್ನ’ ಎನ್ನುವರು. ಇದು ಸಂಸ್ಕೃತದ ದಾನ ಎಂಬ ಶಬ್ದ. ಮೊದಲು ವಿಹಾರಕ್ಕೆ ದಾನವಿತ್ತವನಿಗೆ ಸಲ್ಲುತ್ತಿದ್ದುದು, ಬಳಿಕ ಯಜಮಾನನಿಗೂ ಗಂಡನಿಗೂ ಪೋಷಕನಿಗೂ ಸಂದಿತು. ಆ ಪದದ ಮೂಲಾರ್ಥದಲ್ಲಿ ಸುದತ್ತನೇ ಜೇತವನದ ಆದ್ಯನಾದ ದನ್ನ. ಮಿನಾಮಿ-ಜಾ ಮೊದಲಾದ ನಾಟಕಶಾಲೆಗಳಲ್ಲಿ ರಂಗದ ಕೆಳಗಣ ಕತ್ತಲೆಯ ನೆಲಮಾಳಿಗೆಗೆ ‘ನರಕು’ ಎಂದು ಹೆಸರು, ಇದು ನರಕವೇ. ಹೀಗೆಂದು ಭಾರತದ ಪ್ರಭಾವವೆಂದು ಡಂಗುರ ಹೊಡೆಯುವುದು ಯುಕ್ತವಲ್ಲ. ಈ ಪದಗಳು ಚೀನಾದ ಲಿಪಿಯಲ್ಲಿ ಹಾದು, ಅಲ್ಲಿಯ ಅರ್ಥಗಳನ್ನು ಹೊತ್ತು, ಅಪರಿಚಿತವಾಗಿಯೇ ಅಲ್ಲಿಗೆ ತಲಪಿದುವು. ಆಡುವವರಿಗೆ ಅವು ಅಚ್ಚ ಜಪಾನೀ ಮಾತುಗಳು.

ಹದಿಮೂರನೆಯ ಶತಮಾನದ ‘ಹೆಯಿಕೆ ಮೊನೊಗತಾರಿ’ ಎಂಬ ಯುದ್ಧಕಾವ್ಯವು ಜೇತವನದ ಘಂಟೆಯ ಪ್ರಸ್ತಾಪದಿಂದ ತೊಡಗುವುದರಿಂದ, ಗಿಯೋನಿಗೆ ಬಂದ ಯಾತ್ರಿಕರು ಆ ಘಂಟೆಯು ಎಲ್ಲಿದೆಯೆಂದು ಹುಡುಕುವುದುಂಟು. ಕಾವ್ಯದ ಘಂಟೆಯು ಶ್ರಾವಸ್ತಿಯದು. ಅಲ್ಲಿಯ ಅನಿತ್ಯತಾಶಾಲೆಯಲ್ಲಿ ಭಿಕ್ಷುಗಳ ಅಂತ್ಯಕಾಲಕ್ಕೆ ಘಂಟೆಗಳು ತಾವೇ ಮೊಳಗುತ್ತಿದ್ದುವೆಂದು ಏಳನೆಯ ಶತಮಾನದ ಚೀನೀ ಭಿಕ್ಷು ದಾವೊಸುವಾನ್ ಬರೆದ ಜೇತವನವರ್ಣನೆಯಿಂದ ಆ ಕಲ್ಪನೆಯು ಬಂದಿತು. ಮಾರುಯಾಮಾದಲ್ಲಿ ನಿಂತವರಿಗೆ ಕೇಳಿಸುವುದು ಪಕ್ಕದ ಚಿಯೋನ್-ಇನ್ ವಿಹಾರದಲ್ಲಿ 1636ರಲ್ಲಿ ಎರಕಹೊಯ್ದ ದೊಡ್ಡ ಘಂಟೆ. ವರ್ಷದ ಕಡೆಯ ರಾತ್ರಿ ಅದನ್ನು ಹೊಡೆಯಲು 17 ಮಂದಿ ಭಿಕ್ಷುಗಳು ಬೇಕು.

ಉದ್ಯಾನದ ಈಗಿನ ರೂಪಕ್ಕೆ ಕಾರಣನಾದವನು ಏಳನೆಯ ಓಗಾವಾ ಜಿಹೆಯ್ ಎಂಬ ತೋಟಗಾರ. ಅವನು 1910ರ ದಶಕದಲ್ಲಿ ಇಲ್ಲಿ ಕೊಳವನ್ನೂ ತೊರೆಯನ್ನೂ ಕಲ್ಲುಗಳನ್ನೂ ಹೊಂದಿಸಿದನು. 1931ರಲ್ಲಿ ಇದು ರಮಣೀಯಸ್ಥಳವೆಂದು ಸರಕಾರದಿಂದ ಘೋಷಿತವಾಯಿತು. ಆದರೆ ಜನರು ಬರುವುದು ನಡುವೆ ನಿಂತಿರುವ ಒಂದು ಮರಕ್ಕಾಗಿ. ಜೋಲುಕೊಂಬೆಗಳ ಸಕುರಾ ಜಾತಿಯ ಈ ಮರದ ಪೂರ್ವಜವು ಗಿಯೋನ್ ಗುಡಿಯ ಭಿಕ್ಷುಗಳ ಒಂದು ಮಠದ ಅಂಗಳದಲ್ಲಿತ್ತು. ಮಠವನ್ನು ಕೆಡವಿದಾಗ ಅದನ್ನು ಕಡಿದುಹಾಕುವುದರಲ್ಲಿದ್ದರು. ವೈದ್ಯನೂ ರಸಾಯನಶಾಸ್ತ್ರಜ್ಞನೂ ಆಗಿದ್ದ ಅಕಾಷಿ ಹಿರೊಅಕಿರಾ ಐದು ರ್ಯೋ ಹಣ ಕೊಟ್ಟು ಕೊಂಡು ಉಳಿಸಿದನೆಂದು ಹೇಳುತ್ತಾರೆ. ಗುಡಿಯಿಂದ ಬುದ್ಧನನ್ನು ಹೊರಡಿಸಿದ ಆ ಗಲಿಬಿಲಿಯಲ್ಲಿ ವಿಹಾರದ ಒಂದು ಮರವು ಹೀಗೆ ನಿಂತಿತು. 1938ರಲ್ಲಿ ಅದಕ್ಕೆ ಪ್ರಕೃತಿಸ್ಮಾರಕವೆಂಬ ಮನ್ನಣೆ ದೊರೆಯಿತು. 1947ರಲ್ಲಿ ಅದು ಒಣಗಿಹೋಯಿತು. ಸಾನೋ ತೋಎಮೋನ್ ಎಂಬ ಹೆಸರನ್ನು ವಂಶಪಾರಂಪರ್ಯವಾಗಿ ತಾಳುವ ತೋಟಗಾರರ ಮನೆತನದ ಹದಿನೈದನೆಯವನು, 1928ರಲ್ಲಿಯೇ ಅದರ ಬೀಜಗಳನ್ನು ಆಯ್ದು ಸಸಿ ಮಾಡಿದ್ದನು. ಅವುಗಳಲ್ಲಿ ಒಂದನ್ನು 1949ರಲ್ಲಿ ಅದೇ ಎಡೆಯಲ್ಲಿ ನೆಟ್ಟರು. ಈಗ ಹೂಬಿಡುತ್ತಿರುವುದು ಅದು.

ಉತ್ತರದಲ್ಲಿ ಶಿರಕಾವಾ ಎಂಬ ಸಣ್ಣ ತೊರೆಯ ದಡದ ಮನೆಗಳನ್ನು, ಬಾಂಬಿನ ಬೆಂಕಿಯು ಹಬ್ಬೀತೆಂಬ ಭಯದಿಂದ, 1945ರಲ್ಲಿ ಸರಕಾರವೇ ಕೆಡವಿಸಿತು. ಇನ್ನೊಂದು ಪಕ್ಕದಲ್ಲಿ ಉಳಿದ ಮನೆಗಳಿರುವ ಶಿಂಬಾಷಿ ಭಾಗವು 1976ರಲ್ಲಿ ಸಂರಕ್ಷಿತ ಪ್ರದೇಶವಾಯಿತು. ಪ್ರವಾಸಿಗಳ ಕಾಟವು ಮಿತಿಮೀರಿದುದರಿಂದ, ಖಾಸಗಿ ಓಣಿಗಳಲ್ಲಿ ಛಾಯಾಚಿತ್ರವನ್ನು ತೆಗೆಯಬಾರದೆಂದು 2019ರಲ್ಲಿಯೂ, ಆ ಓಣಿಗಳಿಗೆ ಕಾಲಿಡಲೇ ಬಾರದೆಂದು 2024ರಲ್ಲಿಯೂ ನಿವಾಸಿಗಳು ಫಲಕಗಳನ್ನು ಹಾಕಿಸಿದರು. ಮೀರಿದವರಿಗೆ ದಂಡವು 10,000 ಯೆನ್. ಇನ್ನು ಹೆಸರಿನ ವಿಚಾರ. 2008ರಲ್ಲಿ ರೈಲ್ವೆಯವರು ಷಿಜೋ ಎಂದಷ್ಟೇ ಇದ್ದ ತಮ್ಮ ನಿಲ್ದಾಣಕ್ಕೆ ಗಿಯೋನ್-ಷಿಜೋ ಎಂದು ನಾಮಕರಣಮಾಡಿದರು. ಯಸಾಕಾ ದೇವಾಲಯದ ಪಶ್ಚಿಮದ್ವಾರದ ಮುಂದೆ ನಗರದ ಬಸ್ಸುಗಳು ನಿಲ್ಲುವ ಸ್ಥಳಕ್ಕೂ ಗಿಯೋನ್ ಎಂದೇ ಹೆಸರು. ನಿರ್ವಾಹಕನ ಧ್ವನಿಯಂತ್ರವು ಆ ಹೆಸರನ್ನು ಕೂಗಿದಾಗ ಇಳಿಯುವವರಲ್ಲಿ ಅರ್ಧ ಜನರು ಗುಡಿಯ ಮೆಟ್ಟಿಲುಗಳನ್ನು ಹತ್ತುತ್ತಾರೆ, ಉಳಿದರ್ಧ ಜನರು ಕೇರಿಯ ಕಡೆಗೆ ತಿರುಗುತ್ತಾರೆ.